ಮೊಲದ ಕೊಂಬು, ಮೊಲದ ತಳಿ

ಇಲ್ಲದ ವಸ್ತುವಿಗೆ ಉದಾಹರಣೆ ಬೇಕಾದಾಗ ನಮ್ಮ ತಾರ್ಕಿಕರು ‘ಶಶವಿಷಾಣ’ ಎನ್ನುತ್ತಿದ್ದರು, ಅಂದರೆ ಮೊಲದ ಕೊಂಬು. ಮಾತು ಇದೆ, ಅರ್ಥವೂ ಆಗುತ್ತದೆ, ಹುಡುಕಿಕೊಂಡು ಹೋದರೆ ವಸ್ತುವೇ ಇಲ್ಲ. ‘ದೇಸಿ ಮೊಲದ ತಳಿಗಳ ಸಂರಕ್ಷಣೆ’ ಎಂಬ ಮಾತೂ ಮೊದಲ ನೋಟಕ್ಕೆ ಅದೇ ಜಾತಿಯದು. ಕರ್ನಾಲದಲ್ಲಿರುವ ರಾಷ್ಟ್ರೀಯ ಪಶು ಆನುವಂಶಿಕ ಸಂಪನ್ಮೂಲ ಬ್ಯೂರೋ ಇದುವರೆಗೆ ದೇಶದ ಇನ್ನೂರಕ್ಕೂ ಹೆಚ್ಚು ಸಾಕುಪ್ರಾಣಿ ತಳಿಗಳನ್ನು ನೋಂದಾಯಿಸಿದೆ. ದನ, ಎಮ್ಮೆ, ಕುರಿ, ಆಡು, ಹಂದಿ, ಕುದುರೆ, ಕತ್ತೆ, ಒಂಟೆ, ಕೋಳಿ, ಬಾತು, ಕೊನೆಗೆ ನಮ್ಮ ಮುಧೋಳ ನಾಯಿಯೂ ಅದರಲ್ಲಿ ಸೇರಿದೆ. ಮೊಲದ ಹೆಸರು ಅಲ್ಲಿ ಕಾಣುವುದಿಲ್ಲ. ಹಾಗಿದ್ದರೂ ಮೊಲ ಸಾಕುವವರ ನಡುವೆ ‘ನಾಟಿ ಮೊಲ’ ಎಂಬ ಮಾತು ಓಡಾಡುತ್ತದೆ, ಅದನ್ನು ಉಳಿಸಬೇಕೆಂಬ ಕಳಕಳಿಯೂ ಕೇಳಿಬರುತ್ತದೆ. ಈ ಕಳಕಳಿಯನ್ನು ನಕ್ಕು ತಳ್ಳಿಹಾಕುವುದು ಸುಲಭ. ಆದರೆ ಅದರ ಒಳಗೆ ಒಂದು ಒಳ್ಳೆಯ ಪ್ರಶ್ನೆ ಅಡಗಿದೆ: ಒಂದು ಪ್ರಾಣಿ ಯಾವಾಗ ಒಂದು ಊರಿನದಾಗುತ್ತದೆ? ಭಟ್ಕಳದ ಅಂಚಿನ ಮುಟ್ಟಳ್ಳಿಯಿಂದ ಹೊನ್ನಾವರ, ಕುಮಟಾವರೆಗಿನ ಕರಾವಳಿ ಪಟ್ಟಿಯನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ಪರೀಕ್ಷಿಸಬಹುದು. ಏಕೆಂದರೆ ಊರಿಗೆ ಒಗ್ಗಿದ ತಳಿ ಎಂದರೇನು ಎಂಬುದಕ್ಕೆ ಉತ್ತರ ಇಲ್ಲಿನ ಕೊಟ್ಟಿಗೆಗಳಲ್ಲೇ ಇದೆ.

ಗೊಂದಲದ ಮೂಲ ಭಾಷೆಯಲ್ಲಿದೆ. ಕನ್ನಡದಲ್ಲಿ ಎರಡು ಬೇರೆ ಪ್ರಾಣಿಗಳಿಗೆ ‘ಮೊಲ’ ಎಂಬ ಒಂದೇ ಹೆಸರು. ಬೇಣ ಎನ್ನುವ ಹುಲ್ಲುಗಾವಲಿನಿಂದ ಛಂಗನೆ ಹಾರಿ ಓಡುವ ಕಾಡುಮೊಲ ಇಲ್ಲಿಯದೇ. ಚಂದ್ರನ ಕಲೆಯಲ್ಲಿ ಕುಳಿತದ್ದು, ದುರ್ಗಸಿಂಹನ ಪಂಚತಂತ್ರದಲ್ಲಿ ಸಿಂಹಕ್ಕೆ ಬಾವಿ ತೋರಿಸಿದ್ದು, ವಿಜಯನಗರದ ಸ್ಥಾಪನೆಯ ಐತಿಹ್ಯದಲ್ಲಿ ಬೇಟೆನಾಯಿಯನ್ನೇ ಅಟ್ಟಿಸಿಕೊಂಡು ಹೋದದ್ದು ಎಲ್ಲವೂ ಇದೇ. ಪಂಜರದಲ್ಲಿ ಮೂಗು ಅಲುಗಿಸುತ್ತ ಕೂರುವ ಸಾಕುಮೊಲ ಬೇರೊಂದು ಕುಲದ್ದು, ಅದರ ತವರು ಸ್ಪೇನ್, ಪೋರ್ಚುಗಲ್ ಮತ್ತು ದಕ್ಷಿಣ ಫ್ರಾನ್ಸ್. ಸಾಕುಮೊಲ ಬಿಲ ತೋಡಿ, ಮೈಮೇಲೆ ಕೂದಲಿಲ್ಲದ, ಕಣ್ಣು ತೆರೆಯದ ಮರಿಗಳನ್ನು ತಿಂಗಳೊಪ್ಪತ್ತಿನಲ್ಲಿ ಹಾಕುತ್ತದೆ. ಕಾಡುಮೊಲ ಬಿಲ ತೋಡದು. ಹುಲ್ಲಿನ ನಡುವಿನ ತಗ್ಗಿನಲ್ಲೇ ಅದರ ಸಂಸಾರ, ಗರ್ಭದ ಅವಧಿಯೂ ಹೆಚ್ಚು, ಮರಿ ಹುಟ್ಟುವಾಗಲೇ ತುಪ್ಪಳ ಹೊದ್ದು ಕಣ್ಣು ಬಿಟ್ಟಿರುತ್ತದೆ. ಒಂದರ ವರ್ಣತಂತುಗಳು ನಲವತ್ತನಾಲ್ಕು, ಇನ್ನೊಂದರವು ನಲವತ್ತೆಂಟು, ಹಾಗಾಗಿ ಎರಡನ್ನೂ ಕೂಡಿಸಿ ತಳಿ ಕಟ್ಟುವ ಆಸೆಗೆ ನೆಲೆಯೇ ಇಲ್ಲ. ಕಾಡುಮೊಲವನ್ನೇ ಹಿಡಿದು ಪಳಗಿಸೋಣವೆಂದರೆ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ಹಿಡಿಯಲೂ ಬಿಡದು, ಕೊಲ್ಲಲೂ ಬಿಡದು. ಕಾಯ್ದೆ ಇಲ್ಲದಿದ್ದರೂ ಕೆಲಸ ಆಗುತ್ತಿರಲಿಲ್ಲ. ರೋಮನ್ನರು ಗೋಡೆ ಕಟ್ಟಿದ ತೋಟಗಳಲ್ಲಿ ಇಂಥ ಮೊಲಗಳನ್ನು ಕೂಡಿಹಾಕಿದ್ದರು. ಎರಡು ಸಾವಿರ ವರ್ಷವಾದರೂ ಅದು ಸಾಕುಪ್ರಾಣಿಯಾಗಲಿಲ್ಲ.

ಭಾರತದ ಸಾಕುಮೊಲವೆಲ್ಲ ಹೀಗೆ ಹೊರಗಿನಿಂದ ಬಂದದ್ದು. ಹೆಸರುಗಳೇ ಊರು ಹೇಳುತ್ತವೆ: ಸೋವಿಯತ್ ಚಿಂಚಿಲ್ಲಾ, ನ್ಯೂಜಿಲೆಂಡ್ ವೈಟ್, ಕ್ಯಾಲಿಫೋರ್ನಿಯನ್, ಡಚ್, ಉಣ್ಣೆಗಾಗಿ ಅಂಗೋರಾ, ಮತ್ತೆ ವೈಟ್ ಜಯಂಟ್, ಗ್ರೇ ಜಯಂಟ್. ಇವುಗಳ ಸಂಶೋಧನೆ ಬಹುಪಾಲು ನಡೆದದ್ದು ಕೇಂದ್ರೀಯ ಕುರಿ ಮತ್ತು ಉಣ್ಣೆ ಸಂಶೋಧನಾ ಸಂಸ್ಥೆಯ ಕೈಯಲ್ಲಿ. 1962ರಲ್ಲಿ ರಾಜಸ್ಥಾನದ ಅವಿಕಾನಗರದಲ್ಲಿ ಹುಟ್ಟಿದ ಆ ಸಂಸ್ಥೆಯ ಒಂದು ಕೇಂದ್ರ ಹಿಮಾಚಲದ ಗಡಸಾದಲ್ಲಿದೆ, ದಕ್ಷಿಣದ ಕೇಂದ್ರ ಕೊಡೈಕನಾಲ್ ಬಳಿಯ ಮನ್ನವನೂರಿನಲ್ಲಿದೆ. ಮನ್ನವನೂರು ಇರುವುದು ಸಮುದ್ರಮಟ್ಟದಿಂದ ಸುಮಾರು ಎರಡು ಸಾವಿರ ಮೀಟರ್ ಎತ್ತರದಲ್ಲಿ. ಅಲ್ಲಿ ಚೆನ್ನಾಗಿ ಬೆಳೆದ ಮೊಲದ ಅಂಕಿಸಂಖ್ಯೆಗಳನ್ನು ಸಮುದ್ರದ ಪಕ್ಕದ ಮುಟ್ಟಳ್ಳಿಗೆ ಹಾಗೆಯೇ ತಂದರೆ ಲೆಕ್ಕ ತಪ್ಪುವುದು ಸಹಜ. 2014–15ರಲ್ಲಿ ಶುರುವಾದ ರಾಷ್ಟ್ರೀಯ ಜಾನುವಾರು ಮಿಷನ್ ಆಡು-ಕುರಿಗಳ ಜತೆ ಮೊಲವನ್ನೂ ಒಂದು ಘಟಕದಲ್ಲಿ ಸೇರಿಸಿತು. ಅಷ್ಟಾದರೂ 2019ರ ಗಣತಿಯಲ್ಲಿ ಇಡೀ ದೇಶದ ಸಾಕುಮೊಲ ಸುಮಾರು ಐದೂವರೆ ಲಕ್ಷ ಮಾತ್ರ. ಇಷ್ಟು ದೊಡ್ಡ ದೇಶಕ್ಕೆ ಇದು ಏನೂ ಅಲ್ಲ. ಸಂಖ್ಯೆ ಚಿಕ್ಕದು ಎಂಬುದಕ್ಕಿಂತ ನನಗೆ ಮುಖ್ಯವಾಗಿ ಕಾಣುವುದು, ಈ ದಶಕಗಳಲ್ಲಿ ನಡೆದದ್ದು ಮರಿ ಮಾಡಿ ಹಂಚುವ ಕೆಲಸವೇ ಹೊರತು ಊರೂರಿನಲ್ಲಿ ತಳಿ ಕಟ್ಟುವ ಕೆಲಸವಲ್ಲ ಎಂಬುದು.

ತಳಿ ಎಂದರೆ ಹುಟ್ಟಿದ ನಾಡಿನ ಹೆಸರಲ್ಲ. ಒಂದು ನೆಲದ ಕಷ್ಟಗಳೂ ಅಲ್ಲಿನ ಜನರ ಅಗತ್ಯಗಳೂ ಸೇರಿ, ಹೊರಗಿನ ರಕ್ತ ಬೆರೆಯದ ಒಂದು ಹಿಂಡನ್ನು ತಲೆಮಾರುಗಟ್ಟಲೆ ಸೋಸಿದಾಗ ಉಳಿದದ್ದೇ ತಳಿ. ಇದಕ್ಕೆ ಮೊಲದ ಲೋಕದಲ್ಲೇ ಒಂದು ಸೊಗಸಾದ ಸಾಕ್ಷಿ ಇದೆ. ಹದಿನೈದನೇ ಶತಮಾನದ ಆರಂಭದಲ್ಲಿ ಪೋರ್ಚುಗೀಸರ ಹಡಗೊಂದರಲ್ಲಿ ಮರಿ ಹಾಕಿದ ಹೆಣ್ಣುಮೊಲವನ್ನು ಮಡೇರಾ ಹತ್ತಿರದ ಪೋರ್ಟೊ ಸಾಂಟೊ ದ್ವೀಪದಲ್ಲಿ ಮರಿಗಳ ಸಮೇತ ಬಿಟ್ಟರು. ನಾಲ್ಕು ಶತಮಾನಗಳ ನಂತರ ಡಾರ್ವಿನ್ ಅವುಗಳ ಸಂತತಿಯನ್ನು ತೂಗಿ ನೋಡಿದಾಗ, ಇಂಗ್ಲೆಂಡಿನ ಕಾಡಿನಲ್ಲಿರುವ ಅದೇ ಕುಲದ ಮೊಲದ ತೂಕದ ಅರ್ಧದಷ್ಟೇ ಇದ್ದವು, ಬಣ್ಣವೂ ಕೆಂಪಗೆ ತಿರುಗಿತ್ತು. 1868ರ ತನ್ನ ಗ್ರಂಥದಲ್ಲಿ ಆತ ಇದನ್ನು ವಿವರವಾಗಿ ಬರೆದ. ಅಲ್ಲಿ ಯಾರೂ ಆಯ್ಕೆ ಮಾಡಿರಲಿಲ್ಲ. ಬರಡು ದ್ವೀಪ ತನಗೆ ಬೇಕಾದ ಅಳತೆಗೆ ಮೊಲವನ್ನು ಕತ್ತರಿಸಿಕೊಂಡಿತ್ತು. ವಲಸೆ ಬಂದ ಪ್ರಾಣಿ ಊರಿನದಾಗಬಲ್ಲದು, ಆದರೆ ಅದಕ್ಕೆ ಕಾಲ ಬೇಕು, ಹಿಂಡು ಹೊರಗಿನ ರಕ್ತಕ್ಕೆ ಮುಚ್ಚಿರಬೇಕು.

ಉತ್ತರ ಕನ್ನಡದವರಿಗೆ ಇದನ್ನು ತಿಳಿಯಲು ಪೋರ್ಟೊ ಸಾಂಟೊಗೆ ಹೋಗಬೇಕಿಲ್ಲ. ಅಘನಾಶಿನಿಯ ಅಳಿವೆಯ ಗಜನಿ ಎಂಬ ತಗ್ಗು ಗದ್ದೆಗಳಲ್ಲಿ, ಕುಮಟಾ ತಾಲ್ಲೂಕಿನ ಮಾಣಿಕಟ್ಟೆಯ ಸುತ್ತ, ಉಪ್ಪುನೀರಿನಲ್ಲಿ ನಿಂತು ಬದುಕುವ ಕಗ್ಗ ಭತ್ತವಿದೆ. ಎಕರೆಗೆ ಎಷ್ಟು ಕ್ವಿಂಟಲ್ ಎಂದು ಕೇಳಿದರೆ ಕಗ್ಗ ತಲೆ ತಗ್ಗಿಸಬೇಕು. ಉಪ್ಪುನೀರು ನುಗ್ಗಿದ ಗದ್ದೆಯಲ್ಲಿ ಬೇರೆ ಯಾವ ಭತ್ತ ಉಳಿಯುತ್ತದೆ ಎಂದು ಕೇಳಿದರೆ ಉಳಿದವು ತಲೆ ತಗ್ಗಿಸುತ್ತವೆ. ಪ್ರಾಣಿಗಳಲ್ಲಿ ಇದೇ ಪಾಠವನ್ನು ಮಲೆನಾಡು ಗಿಡ್ಡ ಹೇಳುತ್ತದೆ. ಊರದನ, ಗಿಡ್ಡ, ವರ್ಷಕ್ಕೊಂದು ಕರು ಹಾಕುವುದರಿಂದ ವರ್ಷಗಂಧಿ ಎಂದೆಲ್ಲ ಕರೆಸಿಕೊಳ್ಳುವ ಈ ದನ ನೂರು ಕಿಲೋದ ಆಸುಪಾಸಿನದು. ದಿನಕ್ಕೆ ಒಂದರಿಂದ ಮೂರು ಲೀಟರ್ ಹಾಲು, ಅಷ್ಟೇ. ಆದರೆ ಆಷಾಢದ ಜಡಿಮಳೆಯಲ್ಲಿ ಜಾರುವ ಜಂಬಿಟ್ಟಿಗೆ ಗುಡ್ಡವನ್ನು ಹತ್ತಿ, ಬೆಟ್ಟದ ಒರಟು ಹುಲ್ಲು ಮೇದು, ಸಂಜೆಗೆ ತಾನಾಗಿ ಮನೆಗೆ ಬರಲು ಈ ಮೈಯೇ ಸರಿ. ಸತ್ವವೆಲ್ಲ ಮಳೆಗೆ ಕೊಚ್ಚಿಹೋದ ನೆಲದ ಹುಲ್ಲಿನಲ್ಲಿ ನಾಲ್ಕು ನೂರು ಕಿಲೋದ ದೇಹವನ್ನು ಸಾಕುವುದು ಆಗದ ಮಾತು. ಗಿಡ್ಡವಾಗಿರುವುದು ಅದರ ಕೊರತೆಯಲ್ಲ, ಈ ನೆಲ ಕೇಳಿದ ಪ್ರಶ್ನೆಗೆ ಅದು ಕೊಟ್ಟ ಉತ್ತರ. ಇದನ್ನು ಯಾವ ಸಂಶೋಧನಾ ಕೇಂದ್ರವೂ ಸೃಷ್ಟಿಸಲಿಲ್ಲ. ಸೊಪ್ಪಿನ ಬೆಟ್ಟ, ತೋಟಕ್ಕೆ ಬೇಕಾದ ಗೊಬ್ಬರ, ಕೊಟ್ಟಿಗೆಯ ದರಕಿನ ಹಾಸಿಗೆ, ಮನೆಗಾಗುವಷ್ಟು ಹಾಲು ಎಂಬ ಒಂದು ಇಡೀ ವ್ಯವಸಾಯ ಪದ್ಧತಿ ಅದನ್ನು ರೂಪಿಸಿತು. ಬ್ಯೂರೋ ಮಾಡಿದ್ದು ಇದ್ದದ್ದಕ್ಕೆ ನೋಂದಣಿ ಸಂಖ್ಯೆ ಕೊಟ್ಟದ್ದು. ಆ ಪದ್ಧತಿ ಸಡಿಲವಾದಂತೆ ದನವೂ ಕರಗುತ್ತಿದೆ. 2012 ಮತ್ತು 2019ರ ಗಣತಿಗಳ ನಡುವೆ ದೇಶದಲ್ಲಿ ವಿದೇಶಿ ಹಾಗೂ ಮಿಶ್ರತಳಿ ದನ ಶೇಕಡಾ 27ರಷ್ಟು ಏರಿತು, ನಾಟಿ ದನ ಶೇಕಡಾ 6ರಷ್ಟು ಇಳಿಯಿತು.

ಹಾಗಾದರೆ ಕರಾವಳಿಯ ಮೊಲಕ್ಕೆ ಈ ನೆಲ ಏನು ಕೇಳುತ್ತದೆ? ಮೊದಲನೆಯದು ಸೆಖೆ. ಮೊಲಕ್ಕೆ ಬೆವರಿ ಮೈ ತಂಪು ಮಾಡಿಕೊಳ್ಳುವ ಸೌಕರ್ಯವಿಲ್ಲ, ಕಿವಿಯ ರಕ್ತನಾಳಗಳ ಮೂಲಕ ಮತ್ತು ಏದುಸಿರಿನಲ್ಲಿ ಬಿಸಿ ಬಿಡಬೇಕು. ಹದಿನೈದರಿಂದ ಇಪ್ಪತ್ತೈದು ಡಿಗ್ರಿ ಅದಕ್ಕೆ ಹಿತ. ಮೂವತ್ತು ದಾಟಿದರೆ ಮೇವು ಕಡಿಮೆ, ಗಂಡಿನ ಬೀಜದ ಶಕ್ತಿ ಕಡಿಮೆ, ಗಬ್ಬ ನಿಲ್ಲುವುದು ಕಡಿಮೆ. ಭಟ್ಕಳದಲ್ಲಿ ಮಾರ್ಚಿನಿಂದ ಮೇ ತನಕ ಹಗಲು ಮೂವತ್ತೆರಡು-ಮೂವತ್ತನಾಲ್ಕು ಡಿಗ್ರಿ ಸಾಮಾನ್ಯ, ಮೇಲೆ ಸಮುದ್ರದ ತೇವ. ಎರಡನೆಯದು ಮಳೆ. ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರಿನಷ್ಟು ಬೀಳುವ ಊರಿನಲ್ಲಿ ಗೂಡು ಒಣಗುವುದೇ ಇಲ್ಲ. ಹಸಿ ಗೂಡಿನಲ್ಲಿ ಕಾಕ್ಸಿಡಿಯಾ ಎಂಬ ಕರುಳಿನ ಪರೋಪಜೀವಿ, ಕಿವಿಯ ಮತ್ತು ಮೈಯ ಕಜ್ಜಿ, ಮೂಗು ಸೋರುವ ರೋಗ ಮೂರೂ ಮನೆಮಾಡುತ್ತವೆ. 2022ರ ಆಗಸ್ಟ್ 2ರಂದು ಇದೇ ಮುಟ್ಟಳ್ಳಿಯಲ್ಲಿ ಗುಡ್ಡ ಕುಸಿದು ಒಂದೇ ಮನೆಯ ನಾಲ್ವರು ಸತ್ತರು. ಮನುಷ್ಯರ ಸೂರಿಗೇ ಅಂಥ ಮಳೆಯ ಭಯವಿರುವ ಕಡೆ ಮೊಲಕ್ಕೆ ಹವಾನಿಯಂತ್ರಿತ ಶೆಡ್ಡು ಎನ್ನುವ ಯೋಜನಾವರದಿಗಳು ಯಾರಿಗಾಗಿ ಬರೆದವೋ ತಿಳಿಯದು. ಇಲ್ಲಿಗೆ ಬೇಕಾದದ್ದು ಸೋಗೆಯ ಮಾಡಿನ ಕೆಳಗೆ, ಹಲಸಿನ ಎಲೆ, ದಾಸವಾಳದ ಸೊಪ್ಪು, ಗೆಣಸಿನ ಬಳ್ಳಿ ತಿಂದು, ಏಪ್ರಿಲಿನಲ್ಲಿ ಹಾಕಿದ ಮರಿಗಳನ್ನು ಜುಲೈ ದಾಟಿಸುವ ಮೊಲ.

ಅಂಥ ಮೊಲ ದೊಡ್ಡದಾಗಿರುವ ಸಂಭವ ಕಡಿಮೆ. ಮೈ ಚಿಕ್ಕದಾದಷ್ಟೂ ತೂಕಕ್ಕೆ ಹೋಲಿಸಿದರೆ ಚರ್ಮದ ಹರವು ಹೆಚ್ಚು, ಬಿಸಿ ಬಿಡುವುದು ಸುಲಭ. ಗಿಡ್ಡ ದನಕ್ಕೂ ಪೋರ್ಟೊ ಸಾಂಟೊ ಮೊಲಕ್ಕೂ ತಿಳಿದ ಈ ಲೆಕ್ಕ ನಮ್ಮ ಸಾಕಣೆಯವರಿಗೆ ತಿಳಿದಂತಿಲ್ಲ. ಅವರು ಹುಡುಕಿ ತರುವುದು ಹೆಸರಿನಲ್ಲೇ ‘ಜಯಂಟ್’ ಇರುವುದನ್ನು. ಈಜಿಪ್ಟಿನವರು ಇಲ್ಲಿ ನಮಗಿಂತ ಮುಂದಿದ್ದಾರೆ. ಬಲದಿ, ಸೈನಾಯಿಯ ಗಬಲಿ ಎಂಬ ಬಿಸಿಲಿಗೆ ಒಗ್ಗಿದ ಮೊಲಗಳು ಅವರಲ್ಲಿದ್ದವು. ಅವನ್ನು ಸ್ಪೇನಿನ ವೆಲೆನ್ಸಿಯಾ ಪಾಲಿಟೆಕ್ನಿಕ್ ವಿಶ್ವವಿದ್ಯಾಲಯ ಮರಿಗಳ ಸಂಖ್ಯೆಗಾಗಿ ಆಯ್ದು ಬೆಳೆಸಿದ ‘ವಿ’ ವಂಶದೊಡನೆ ಕೂಡಿಸಿ, ಹುಟ್ಟಿದ ಸಂತತಿಯಲ್ಲಿ ಹಲವು ತಲೆಮಾರು ಆಯ್ಕೆ ನಡೆಸಿ, ಎಪ್ರಿ, ಮೊಶ್ತೊಹೊರ್ ಎಂಬ ಹೊಸ ವಂಶಗಳನ್ನು ಕಟ್ಟಿದರು. ಅವರು ಶುದ್ಧ ದೇಸಿಯ ಹಠ ಹಿಡಿಯಲಿಲ್ಲ, ಹೊರಗಿನದಕ್ಕೆ ಶರಣಾಗಲೂ ಇಲ್ಲ. ನಮ್ಮಲ್ಲಿ ಬಲದಿ, ಗಬಲಿಗಳಿಗೆ ಸಮನಾದ ಹಳೆಯ ಹಿಂಡಿಲ್ಲವೆಂಬುದು ನಿಜ. ಇರುವುದು ಹಿತ್ತಿಲುಗಳಲ್ಲಿ ಹೆಸರು-ಕುಲ ಕಳೆದುಕೊಂಡು ಬೆರೆತುಹೋದ ಮೊಲಗಳು. ಜನ ‘ನಾಟಿ’ ಎನ್ನುವುದು ಇವನ್ನೇ. ಶುದ್ಧತೆಯ ಕಣ್ಣಿಗೆ ಅವು ಕಸ. ನನ್ನ ವಾದದಲ್ಲಿ ಅವೇ ಬೀಜ, ಏಕೆಂದರೆ ಹತ್ತು ಮಳೆಗಾಲ ಯಾವ ಉಪಚಾರವೂ ಇಲ್ಲದೆ ದಾಟಿದ ಹಿತ್ತಿಲ ಹಿಂಡು ಆಗಲೇ ಅರ್ಧ ಪರೀಕ್ಷೆ ಪಾಸಾಗಿದೆ.

ಉಳಿದರ್ಧ ಲೆಕ್ಕದ್ದು, ಮತ್ತು ನಮ್ಮ ಮೊಲಸಾಕಣೆ ಎಡವುವುದು ಇಲ್ಲೇ. ಮಾರಾಟದಲ್ಲಿ ‘ಒಂದು ಯೂನಿಟ್’ ಎಂದರೆ ಏಳು ಹೆಣ್ಣು, ಮೂರು ಗಂಡು. ಕೊಂಡವನು ಅದರಲ್ಲೇ ಮರಿ ಮಾಡುತ್ತ ಹೋದರೆ ರಕ್ತಸಂಬಂಧದ ಪ್ರಮಾಣ ಪ್ರತಿ ತಲೆಮಾರಿಗೆ ಶೇಕಡಾ 6ರಂತೆ ಏರುತ್ತದೆ. ಐದೇ ತಲೆಮಾರಿಗೆ ಎಲ್ಲ ಮರಿಗಳೂ ಒಡಹುಟ್ಟಿದ ಜೋಡಿಗೆ ಹುಟ್ಟಿದವುಗಳಷ್ಟು ಹತ್ತಿರದ ರಕ್ತದವಾಗುತ್ತವೆ. ಮೊಲ ಆರು ತಿಂಗಳಿಗೆ ಪ್ರಾಯಕ್ಕೆ ಬರುವುದರಿಂದ ಈ ಐದು ತಲೆಮಾರು ಮೂರು-ನಾಲ್ಕು ವರ್ಷದಲ್ಲೇ ಮುಗಿಯಬಹುದು. ‘ಮೊದಲೆರಡು ವರ್ಷ ಚೆನ್ನಾಗಿತ್ತು, ಆಮೇಲೆ ಮರಿ ನಿಲ್ಲಲಿಲ್ಲ’ ಎಂಬ ಮಾತಿನ ಹಿಂದೆ ಎಷ್ಟೋ ಸಲ ರೋಗಕ್ಕಿಂತ ಈ ಗಣಿತ ಇರುತ್ತದೆ. ಈಗ ಅದೇ ಊರಿನಲ್ಲಿ ಹದಿನಾರು ಮನೆಗಳು ತಲಾ ಒಂದು ಗಂಡು, ನಾಲ್ಕು ಹೆಣ್ಣು ಇಟ್ಟುಕೊಂಡವೆನ್ನೋಣ. ಬೆಳೆದ ಗಂಡುಮರಿಯನ್ನು ಪ್ರತಿ ಮನೆಯೂ ಪಕ್ಕದ ಮನೆಗೆ ಕೊಡುತ್ತದೆ, ಹೆಣ್ಣುಮರಿಯನ್ನು ತಾನೇ ಉಳಿಸಿಕೊಳ್ಳುತ್ತದೆ, ಕೊಡುವ ದಿಕ್ಕು ಎಂದೂ ಬದಲಾಗದು. ಒಟ್ಟು ಎಂಬತ್ತು ಮೊಲ. ರಕ್ತಸಂಬಂಧದ ಏರಿಕೆ ತಲೆಮಾರಿಗೆ ಶೇಕಡಾ 1ಕ್ಕೆ ಇಳಿಯುತ್ತದೆ. ಚಿಕ್ಕ ತಳಿಗಳು ದೀರ್ಘಕಾಲ ಬಾಳಲು ತಜ್ಞರು ಒಪ್ಪುವ ಮಿತಿ ಇದೇ. ಸಗೋತ್ರ ತಪ್ಪಿಸಲು ಇಷ್ಟೆಲ್ಲ ಕಟ್ಟುಪಾಡು ಮಾಡಿಕೊಂಡ ಸಮಾಜಕ್ಕೆ ಇದು ಅರ್ಥವಾಗದ ವಿದ್ಯೆಯೇನಲ್ಲ. ಇಲ್ಲಿ ಮದುವೆಯಾಗಿ ಮನೆ ಬಿಡುವವನು ಗಂಡು ಎಂಬುದಷ್ಟೇ ವ್ಯತ್ಯಾಸ. ಬೇಕಾದದ್ದು ಕಿವಿಯಲ್ಲೊಂದು ಗುರುತಿನ ಸಂಖ್ಯೆ, ಒಂದು ನೋಟ್‌ಬುಕ್, ಮತ್ತು ಬೇಸಿಗೆಯ ಸೂಲಿನಲ್ಲಿ ಎಷ್ಟು ಮರಿ ಹಾಲು ಬಿಡುವ ತನಕ ಬದುಕಿದವು ಎಂಬುದನ್ನೇ ಮುಖ್ಯ ಅಂಕವಾಗಿ ಬರೆದಿಡುವ ಶಿಸ್ತು.

ಎಂಬತ್ತು ಮೊಲಗಳಲ್ಲಿ ಆಯ್ಕೆ ಎಷ್ಟರಮಟ್ಟಿಗೆ ಫಲ ಕೊಟ್ಟೀತು ಎಂದು ತಳಿಶಾಸ್ತ್ರಜ್ಞರು ಕೇಳುತ್ತಾರೆ, ಮತ್ತು ಸರಿಯಾಗಿಯೇ ಕೇಳುತ್ತಾರೆ. ಸೂಲಿನ ಮರಿಗಳ ಸಂಖ್ಯೆಯ ವ್ಯತ್ಯಾಸದಲ್ಲಿ ಹತ್ತನೇ ಒಂದು ಪಾಲಷ್ಟೇ ಪೀಳಿಗೆಗೆ ದಾಟುವಂಥದ್ದು, ಉಳಿದದ್ದು ಮೇವು, ಹವೆ, ಆರೈಕೆ. ದೊಡ್ಡ ಕೇಂದ್ರಗಳಲ್ಲೂ ಈ ಗುಣದ ಪ್ರಗತಿ ಬಸವನಹುಳುವಿನ ನಡಿಗೆ. ಹಾಗಾಗಿ ಹದಿನಾರು ಮನೆಯ ಹಿಂಡಿನಿಂದ ಹೆಚ್ಚು ಮರಿ ಹಾಕುವ ಅದ್ಭುತ ಮೊಲ ಹುಟ್ಟುತ್ತದೆಂದು ನಾನು ಹೇಳುತ್ತಿಲ್ಲ. ಬದುಕಿ ಉಳಿಯುವ ಗುಣವನ್ನು ಆಯುವ ಕೆಲಸದ ದೊಡ್ಡ ಪಾಲನ್ನು ಇಲ್ಲಿನ ಹವೆಯೇ ಮಾಡುತ್ತದೆ, ಮನುಷ್ಯನ ಪಾಲು ಆ ಸೋಸುವಿಕೆಯನ್ನು ಕೆಡಿಸದಿರುವುದು. ಪ್ರತಿ ವರ್ಷ ಹೊರಗಿನಿಂದ ಹೊಸ ‘ಜಯಂಟ್’ ಗಂಡು ತಂದು ಬಿಡುವವನು ಹತ್ತು ವರ್ಷದ ಸೋಸುವಿಕೆಯನ್ನು ಒಂದೇ ರಾತ್ರಿಯಲ್ಲಿ ಚೆಲ್ಲುತ್ತಾನೆ.

ಇಷ್ಟು ಕಷ್ಟವೇಕೆ, ವಿಶ್ವವಿದ್ಯಾಲಯವೇ ಒಂದು ಸುಧಾರಿತ ಮೊಲ ಕೊಟ್ಟರೆ ಸಾಲದೇ ಎಂಬ ಆಕ್ಷೇಪಕ್ಕೆ ಗಿರಿರಾಜ ಕೋಳಿಯ ಕಥೆ ಉತ್ತರ. ಬೆಂಗಳೂರಿನ ಹೆಬ್ಬಾಳದಲ್ಲಿ 1989ರಲ್ಲಿ ಹೊರಬಂದ ಗಿರಿರಾಜ ಹಿತ್ತಿಲಿಗೆಂದೇ ರೂಪಿಸಿದ ಕೋಳಿ. ಬಣ್ಣ ಇದೆ, ತೂಕ ಇದೆ, ಮೊಟ್ಟೆ ಇದೆ. ಆದರೆ ಅದು ಮಿಶ್ರಣ. ಮನೆಯಲ್ಲೇ ಮರಿ ಮಾಡಿಸಿದರೆ ಮುಂದಿನ ತಲೆಮಾರು ತಾಯಿತಂದೆಯ ಹಾಗೆ ಬರುವುದಿಲ್ಲ. ಕಾವಿಗೆ ಕೂರುವ ಬುದ್ಧಿಯೂ ಊರಕೋಳಿಯಷ್ಟು ಇಲ್ಲ. ಆದ್ದರಿಂದ ಪ್ರತಿ ಬಾರಿಯೂ ಮರಿಗೆ ಕೇಂದ್ರದ ಬಾಗಿಲಿಗೇ ಹೋಗಬೇಕು. ಇದು ಗಿರಿರಾಜದ ದೋಷವಲ್ಲ, ಅದನ್ನು ಮಾಡಿದ ಉದ್ದೇಶವೇ ಬೇರೆ. ಮಾರುಕಟ್ಟೆಯ ಕೋಳಿ ಕೊಡುವುದು ಒಂದು ಕೆಲಸ, ರೈತನ ಕೈಯಲ್ಲಿ ಬೀಜ ಉಳಿಸುವುದು ಇನ್ನೊಂದು. ಎರಡಕ್ಕೂ ‘ಅಭಿವೃದ್ಧಿ’ ಎಂದೇ ಹೆಸರಿಡುವುದರಿಂದ ಎರಡನೆಯದು ಯಾವಾಗಲೂ ಮೊದಲನೆಯದರ ನೆರಳಲ್ಲಿ ಸಾಯುತ್ತದೆ.

ಮಾರುಕಟ್ಟೆಯ ಆಕ್ಷೇಪ ಇನ್ನೂ ಗಟ್ಟಿ. ಕೊಳ್ಳುವವರಿಲ್ಲದೆ ತಳಿ ಉಳಿಯುವುದಿಲ್ಲ. ಮರಿ ಕೊಟ್ಟು ಬೆಳೆದದ್ದನ್ನು ತಾವೇ ಕೊಳ್ಳುತ್ತೇವೆಂದು ಹಣ ಕಟ್ಟಿಸಿಕೊಂಡ ಎಮು ಹಕ್ಕಿಯ ವ್ಯವಹಾರ 2012ರಲ್ಲಿ ತಮಿಳುನಾಡಿನ ಪೆರುಂದುರೈಯಲ್ಲಿ ಕುಸಿದಾಗ ಸಾವಿರಾರು ಜನ ಮುಳುಗಿದರು, ಹಸಿದ ಹಕ್ಕಿಗಳಿಗೆ ಮೇವು ಹಾಕಲು ಸರ್ಕಾರವೇ ಓಡಬೇಕಾಯಿತು. ಮೊಲದಲ್ಲೂ ‘ಮರುಖರೀದಿ’ಯ ಮಾತು ಕೇಳಿದ ಕೂಡಲೇ ಕಿವಿ ನೆಟ್ಟಗಾಗಬೇಕು, ಮೊಲದ್ದಲ್ಲ, ನಮ್ಮದು. ಆದರೆ ಆ ಕುಸಿತ ತೋರಿಸಿದ್ದು ಪ್ರಾಣಿಯ ಸೋಲನ್ನಲ್ಲ, ಮರಿಯನ್ನೇ ಮರಿಗಾಗಿ ಮಾರುವ ಸರಪಳಿಯ ಸೋಲನ್ನು. ಭಟ್ಕಳದ ಸುತ್ತ ಮಾಂಸ ತಿನ್ನುವ ಸಮುದಾಯಗಳಿಗೆ ಕೊರತೆಯಿಲ್ಲ, ಮೊಲದ ಮಾಂಸದ ರುಚಿಯೂ ಹಳೆಯ ಬೇಟೆಯ ಕಾಲದಿಂದ ಗೊತ್ತಿರುವುದೇ. ಮನೆಗೆ, ನೆರೆಗೆ, ವಾರದ ಸಂತೆಗೆ ಆಗುವಷ್ಟು, ಜತೆಗೆ ತೋಟಕ್ಕೆ ಹಿಕ್ಕೆಯ ಗೊಬ್ಬರ ಎಂಬ ಅಳತೆಯಲ್ಲಿ ಹದಿನಾರು ಮನೆಯ ಲೆಕ್ಕ ಕೂಡುತ್ತದೆ. ಸಾವಿರ ಪಂಜರದ ಶೆಡ್ಡಿನ ಲೆಕ್ಕ ಕೂಡುವುದು ಅನುಮಾನ. ಮುದ್ದು ಪ್ರಾಣಿಯನ್ನು ಕೊಲ್ಲುವುದು ಹೇಗೆ ಎಂಬ ನೈತಿಕ ಆಕ್ಷೇಪ ಗೌರವಕ್ಕೆ ಅರ್ಹವಾದದ್ದೇ, ಆದರೆ ಕೋಳಿ, ಮೀನು ತಿನ್ನುವವರ ಬಾಯಲ್ಲಿ ಅದು ಬರೀ ಸೌಂದರ್ಯದ ವಿಚಾರವಾಗಿಬಿಡುತ್ತದೆ.

ತಪ್ಪಿಸಿಕೊಂಡು ಕಾಡು ಸೇರಿದರೆ? ಈ ಭಯಕ್ಕೆ ಆಸ್ಟ್ರೇಲಿಯಾ ಸಾಕ್ಷಿ. 1859ರಲ್ಲಿ ಥಾಮಸ್ ಆಸ್ಟಿನ್ ಎಂಬ ಜಮೀನುದಾರ ವಿಕ್ಟೋರಿಯಾದ ತನ್ನ ಎಸ್ಟೇಟಿಗೆ ಇಂಗ್ಲೆಂಡಿನಿಂದ ತರಿಸಿದ ಇಪ್ಪತ್ತನಾಲ್ಕು ಮೊಲಗಳ ಸಂತತಿ ಖಂಡವನ್ನೇ ನುಂಗಿತು. ಆತ ತಂದದ್ದರಲ್ಲಿ ಕಾಡಿನ ರಕ್ತದವು ಇದ್ದವು, ಅಲ್ಲಿನ ನೆಲ ಒಣ, ಹವೆ ಹಿತ, ಬೇಟೆಗಾರ ಪ್ರಾಣಿಗಳು ಕಡಿಮೆ. ನಾಯಿ, ನರಿ, ಚಿರತೆ, ಹೆಬ್ಬಾವು ತುಂಬಿದ, ನಾಲ್ಕು ತಿಂಗಳು ಬಿಲಕ್ಕೆಲ್ಲ ನೀರು ನುಗ್ಗುವ ಶರಾವತಿ ಕಣಿವೆಯಲ್ಲಿ ಸಾಕುಮೊಲ ಹಾಗೆ ಹಬ್ಬುವುದು ಕಷ್ಟ. ಆದರೂ ಕಷ್ಟ ಎಂಬುದಕ್ಕೂ ಅಸಾಧ್ಯ ಎಂಬುದಕ್ಕೂ ನಡುವೆ ಅಂತರವಿದೆ, ಮತ್ತು ಊರ ಹವೆಗೆ ಒಗ್ಗಿಸಿದ ಮೊಲದಲ್ಲಿ ಆ ಅಂತರ ಕಿರಿದಾಗುತ್ತದೆ ಎಂಬುದನ್ನು ನನ್ನ ವಾದದ ವಿರುದ್ಧವೇ ಒಪ್ಪಿಕೊಳ್ಳಬೇಕು. ಗೂಡಿನ ಕಟ್ಟುನಿಟ್ಟು ಯೋಜನೆಯ ಮೊದಲ ಷರತ್ತಾಗಬೇಕಾದದ್ದು ಅದಕ್ಕೇ. ಹಿಂಡನ್ನು ಒಂದೇ ಕಡೆ ಪೇರಿಸಬಾರದು ಎಂಬುದಕ್ಕೆ ಬೇರೆಯೇ ಕಾರಣವಿದೆ: 1984ರಲ್ಲಿ ಚೀನಾದಲ್ಲಿ ಕಾಣಿಸಿಕೊಂಡ ರಕ್ತಸ್ರಾವದ ವೈರಸ್ ರೋಗ ಕೆಲವೇ ತಿಂಗಳಲ್ಲಿ ಕೋಟಿಗಟ್ಟಲೆ ಸಾಕುಮೊಲಗಳನ್ನು ಕೊಂದಿತು. ಒಂದು ಶೆಡ್ಡಿನ ತಳಿಗೆ ಒಂದು ವಾರ ಸಾಕು.

ಎಲ್ಲಕ್ಕಿಂತ ಗಂಭೀರವಾದ ಆಕ್ಷೇಪ ಆದ್ಯತೆಯದು. ಇಲ್ಲದ ತಳಿಯನ್ನು ಕಟ್ಟುವ ಮೊದಲು ಇರುವುದನ್ನು ಉಳಿಸಬೇಡವೇ? ಇದಕ್ಕೆ ನನ್ನಲ್ಲಿ ಪ್ರತಿವಾದವಿಲ್ಲ. ಗಿಡ್ಡದ ಬೀಜದ ಹೋರಿ ಊರಲ್ಲಿಲ್ಲದೆ ಬೇರೆ ದಾರಿ ಕಾಣದೆ ಜೆರ್ಸಿ ಕಡ್ಡಿ ಹಾಕಿಸುವವರ ಎದುರು ಮೊಲದ ಯೋಜನೆ ಹಿಡಿದು ನಿಲ್ಲುವುದು ನಾಚಿಕೆಗೇಡು. ಕೇರಳದ ವೆಚೂರು ದನ ಕೈತಪ್ಪುವ ಹಂತದಲ್ಲಿದ್ದಾಗ 1989ರ ಸುಮಾರಿಗೆ ಮಣ್ಣುತ್ತಿಯಲ್ಲಿ ಶೋಶಮ್ಮ ಐಪ್ ಮತ್ತು ಅವರ ವಿದ್ಯಾರ್ಥಿಗಳು ಊರೂರು ಅಲೆದು ಬೆರಳೆಣಿಕೆಯ ದನ ಕೂಡಿಸಿ ಹಿಂಡು ಕಟ್ಟಿದರು. ಮಲೆನಾಡು ಗಿಡ್ಡಕ್ಕೆ ಹೊಸನಗರದ ರಾಮಚಂದ್ರಾಪುರ ಮಠದ ಕಾಮದುಘಾ ಯೋಜನೆ ಗೋಶಾಲೆಗಳ ಆಸರೆ ಕೊಟ್ಟಿದೆ. ಗೋಶಾಲೆ ದನವನ್ನು ಉಳಿಸುತ್ತದೆ, ಅದನ್ನು ರೂಪಿಸಿದ ಬೆಟ್ಟ-ತೋಟದ ನಂಟನ್ನು ಉಳಿಸಲಾರದು; ಗುಡ್ಡ ಹತ್ತದ ಗಿಡ್ಡ ಎಷ್ಟು ತಲೆಮಾರು ಗಿಡ್ಡವಾಗಿರುತ್ತದೆ ಎಂಬ ಪ್ರಶ್ನೆ ಹಾಗೇ ಉಳಿಯುತ್ತದೆ. ಮೊಲದ ಪ್ರಯೋಗಕ್ಕೆ ಒಂದು ಸಣ್ಣ ಸಮರ್ಥನೆ ಇಲ್ಲಿ ಸಿಗುತ್ತದೆ. ದನದ ಒಂದು ತಲೆಮಾರಿಗೆ ನಾಲ್ಕೈದು ವರ್ಷ ಬೇಕು, ಮೊಲಕ್ಕೆ ಹೆಚ್ಚೆಂದರೆ ಒಂದು ವರ್ಷ. ಹಿಂಡು ಮುಚ್ಚಿಡುವುದು, ವಂಶಾವಳಿ ಬರೆಯುವುದು, ಗಂಡನ್ನು ಸುತ್ತಿಸುವುದು ಎಂಬ ವಿದ್ಯೆಯನ್ನು ಊರು ಮೊಲದ ಮೇಲೆ ಅಗ್ಗವಾಗಿ ಕಲಿತು ಗಿಡ್ಡದ ಹೋರಿಗೆ ಅನ್ವಯಿಸಬಹುದು. ಹೋರಿ ಸುತ್ತಿಸುವ ಹದಿನಾರು ಮನೆಗಳು ಇಂದು ಒಂದು ಪಂಚಾಯಿತಿಯಲ್ಲಿ ಸಿಗಲಾರವು. ಮೂರು ತಾಲ್ಲೂಕು ಸೇರಿದರೆ ಸಿಕ್ಕಾವು.

ಕಾಡುಮೊಲದ ಪಾಲಿಗೆ ಸಂರಕ್ಷಣೆ ಎಂದರೆ ಪಂಜರವೂ ಅಲ್ಲ, ವಂಶಾವಳಿಯೂ ಅಲ್ಲ, ಬೇಣ. ಕರಡ ಬೆಳೆಯುವ ಆ ಹುಲ್ಲುಗಾವಲುಗಳು ಅಕೇಶಿಯಾ ನೆಡುತೋಪಾಗಿ, ಸೈಟಾಗಿ, ಕಲ್ಲುಕ್ವಾರಿಯಾಗಿ ಬದಲಾದಷ್ಟೂ ಮೊಲಕ್ಕೆ ಮಲಗಲು ತಗ್ಗು ಸಿಗುವುದಿಲ್ಲ. ಗಿಡ್ಡ ಮೇಯುವುದೂ ಅದೇ ಬೇಣದಲ್ಲಿ ಎಂಬುದನ್ನು ಸಾಕಣೆಯ ಇಲಾಖೆಯೂ ಕಾಡಿನ ಇಲಾಖೆಯೂ ಬೇರೆಬೇರೆ ಕಡತಗಳಲ್ಲಿ ಬರೆದುಕೊಳ್ಳುತ್ತವೆ. 2002ರ ಜೀವವೈವಿಧ್ಯ ಕಾಯ್ದೆ ಪ್ರತಿ ಪಂಚಾಯಿತಿಗೂ ಒಂದು ಸಮಿತಿ ಮತ್ತು ಒಂದು ಜನತಾ ಜೀವವೈವಿಧ್ಯ ದಾಖಲಾತಿ ಇರಬೇಕೆನ್ನುತ್ತದೆ. ಅದರಲ್ಲಿ ಕಾಡುಪ್ರಾಣಿಗೂ ಸಾಕುಪ್ರಾಣಿಗೂ ಜಾಗವಿದೆ. ಮುಟ್ಟಳ್ಳಿಯಂಥ ಊರಿನ ದಾಖಲಾತಿಯಲ್ಲಿ ಬೇಣದ ಸರ್ವೆ ನಂಬರುಗಳು, ಅಲ್ಲಿ ಕಂಡ ಮೊಲ, ಅಲ್ಲಿ ಮೇಯುವ ಗಿಡ್ಡದ ತಲೆಲೆಕ್ಕ ಒಂದೇ ಪುಟದಲ್ಲಿ ಬರಬೇಕು. ಸಾಕುಮೊಲದ ಪುಟ ಸದ್ಯಕ್ಕೆ ಖಾಲಿ ಇರಲಿ. ಹದಿನಾರು ಮನೆಯ ನೋಟ್‌ಬುಕ್ಕುಗಳಲ್ಲಿ ಹತ್ತು ಬೇಸಿಗೆಯ ಸೂಲುಗಳು ತುಂಬಿದ ಮೇಲೆ ಅಲ್ಲಿ ಬರೆಯಲು ಏನಾದರೂ ಇದ್ದೀತು.